9ನೇ ಕ್ಲಾಸಿನ ಮಗಳಿಗೆ ತಗೊಂಡ 10 ನ್ಯೂಟನ್ ಸ್ಪ್ರಿಂಗ್ ಬ್ಯಾಲೆನ್ಸ್

ಬಲ ಮತ್ತು ಚಲನೆಯ ನಿಯಮಗಳ ಪಾಠ ಶುರುವಾದಾಗಿಂದ ನಮ್ಮನೇಲಿ ದಿನಾ ಸಂಜೆ ಅದೇ ಗೋಳು, ಮಗಳಿಗೆ ಸೂತ್ರ ಎಲ್ಲಾ ಬಾಯಿಪಾಠ, ಲೆಕ್ಕ ಮಾತ್ರ ತಪ್ಪು. 5 ಕೆಜಿ ಪೆಟ್ಟಿಗೇನ 10 ನ್ಯೂಟನ್ ಬಲ ಹಾಕಿ ಎಳೀತಾರೆ, ಘರ್ಷಣೆ 4 ನ್ಯೂಟನ್, ವೇಗೋತ್ಕರ್ಷ ಎಷ್ಟು ಅಂದ್ರೆ 10ನ್ನ 5ರಿಂದ ಭಾಗಿಸಿ 2 ಅಂತ ಬರೆದುಬಿಡೋಳು. ಆ 4 ಯಾಕೆ ಕೊಟ್ಟಿದಾರೆ ಅಂದ್ರೆ "ಅದು ಸುಮ್ನೆ ಕನ್‌ಫ್ಯೂಸ್ ಮಾಡೋಕೆ ಅಮ್ಮಾ" ಅಂತಾಳೆ. 10ರಲ್ಲಿ 4 ಕಳೆದ್ರೆ 6, ಅದನ್ನ 5ರಿಂದ ಭಾಗಿಸಿದ್ರೆ 1.2 ಅಂತ ನಾನು ಎಷ್ಟು ಸಲ ಮಾಡಿ ತೋರಿಸಿದ್ರೂ ಮಾರನೇ ದಿನ ಮತ್ತೆ ಅದೇ 2.

ಕೊನೆಗೆ ಲ್ಯಾಬ್ ಸಾಮಾನು ಮಾರೋ ಅಂಗಡಿಗೆ ಹೋಗಿ ಸ್ಪ್ರಿಂಗ್ ಬ್ಯಾಲೆನ್ಸ್ ತಂದೆ, ಒಂದಕ್ಕೆ 180 ರೂಪಾಯಿ, ಎರಡು ತಗೊಂಡೆ. ಪಾರದರ್ಶಕ ಪ್ಲಾಸ್ಟಿಕ್ ಕೊಳವೆ, ಒಳಗೆ ಸ್ಪ್ರಿಂಗ್ ಕಾಣುತ್ತೆ, ಒಂದು ಕಡೆ 1000 ಗ್ರಾಂವರೆಗೆ ಗೆರೆ, ಇನ್ನೊಂದು ಕಡೆ 10 ನ್ಯೂಟನ್‌ವರೆಗೆ, ಒಂದೊಂದು ಗೆರೆಗೆ 0.2 ನ್ಯೂಟನ್. ಹಳೇ ಪೇಪರ್‌ನವರ ಹತ್ರ ಇರುತ್ತಲ್ಲ ಕೊಕ್ಕೆ ತಕ್ಕಡಿ, ಕೆಲಸ ಅದೇ, ಆದ್ರೆ ಅದರಲ್ಲಿ ಇಷ್ಟು ಸಣ್ಣ ಬಲ ಗೊತ್ತಾಗಲ್ಲ.

ಮೊದಲ್ನೇ ದಿನ 1 ಕೆಜಿ ಉಪ್ಪಿನ ಪ್ಯಾಕೆಟ್ ನೇತು ಹಾಕಿದ್ವಿ, ಮುಳ್ಳು 10ಕ್ಕೆ ಒಂದು ಕೂದಲೆಳೆ ಕಡಿಮೆ ನಿಂತ್ಕೊಳ್ತು, 9.8 ನ್ಯೂಟನ್. 1 ಕೆಜಿ ಅನ್ನೋದು ದ್ರವ್ಯರಾಶಿ, ಭೂಮಿ ಅದನ್ನ ಎಳೆಯೋ 9.8 ನ್ಯೂಟನ್ ಬಲಾನೇ ತೂಕ. ದ್ರವ್ಯರಾಶಿ ಬೇರೆ ತೂಕ ಬೇರೆ ಅನ್ನೋದು ಅಲ್ಲಿಗೆ ಮುಗೀತು, ಅದಕ್ಕೆ ಮತ್ತೆ ಮಾತೇ ಬೇಕಾಗ್ಲಿಲ್ಲ.

ನಿಜವಾದ ಮಜಾ ಇರೋದು ನೆಲದ ಮೇಲೆ. ಊಟಕ್ಕೆ ಕೂತ್ಕೊಳ್ಳೋ ಮರದ ಮಣೆಗೆ ದಾರ ಕಟ್ಟಿ, ಬ್ಯಾಲೆನ್ಸ್ ಕೊಕ್ಕೆಗೆ ಸಿಕ್ಕಿಸಿ ನಮ್ಮ ರೆಡ್ ಆಕ್ಸೈಡ್ ನೆಲದ ಮೇಲೆ ಎಳೀ ಅಂದೆ. ಮೆಲ್ಲಗೆ ಎಳೀತಾ ಹೋದ್ಲು, 1, 2, 2.6, ಮಣೆ ಅಲ್ಲಾಡಲ್ಲ, ಆಮೇಲೆ ಥಟ್ ಅಂತ ಹೊರಟಿತು, ಹೊರಟ ತಕ್ಷಣ ಮುಳ್ಳು ಇಳಿದು 2.2ರ ಹತ್ರ ಬಂತು. ಒಂದೇ ವೇಗದಲ್ಲಿ ಎಳೀತಾನೇ ಇರು ಅಂದೆ, ಹಾಲ್ ಈ ತುದಿಯಿಂದ ಆ ತುದಿವರೆಗೂ 2.2 ಆಸುಪಾಸಲ್ಲೇ ಇತ್ತು. ಆಗ ನಿಂತ್ಕೊಂಡು ಕೇಳಿದ್ಲು, "ಅಮ್ಮಾ, ವೇಗ ಬದಲಾಗ್ತಾ ಇಲ್ಲ ಅಂದ್ಮೇಲೆ ಬಲ ಸೊನ್ನೆ ತೋರಿಸ್ಬೇಕಲ್ವಾ?" ನಾನು ಏನೂ ಹೇಳ್ಲಿಲ್ಲ, ಯೋಚ್ನೆ ಮಾಡು ಕಣೇ ಅಂದೆ ಅಷ್ಟೆ. ಮಣೆ ತಿರುಗಿಸಿ ಅಡಿಭಾಗ ಕೈಯಲ್ಲಿ ಸವರಿ ನೋಡಿದ್ಲು, "ಓ, ನೆಲ ಹಿಂದಕ್ಕೆ 2.2 ಎಳೀತಿದೆ, ನಾನು ಮುಂದಕ್ಕೆ 2.2, ಅದಕ್ಕೆ ಸೊನ್ನೆ!" ಅಂದ್ಲು. ನಂಗೆ ಆಗಿದ್ದ ಖುಷಿ ಹೇಳೋಕಾಗಲ್ಲ. ಲೆಕ್ಕದಲ್ಲಿ ಬಿಟ್ಟುಬಿಡ್ತಿದ್ದ ಆ ಘರ್ಷಣೆ ಬಲ ಇದೇ ಅಂತ ಅವಳೇ ಹೇಳಿದ್ಲು.

ಆಮೇಲೆ ಮಣೆ ಮೇಲೆ ಒಂದು ಉಪ್ಪಿನ ಪ್ಯಾಕೆಟ್ ಇಟ್ರೆ 5ರ ಹತ್ರ, ಎರಡಿಟ್ರೆ 7.8ರ ಹತ್ರ, ಅಂದ್ರೆ ಪ್ಯಾಕೆಟ್‌ಗೆ ಸುಮಾರು 2.8 ಜಾಸ್ತಿ. ಚಾಪೆ ಮೇಲೆ ಎಳೆದ್ರೆ ಇನ್ನೂ ಜಾಸ್ತಿ. ಕಲ್ಲು ನೇತು ಹಾಕಿ ಬಕೆಟ್ ನೀರಲ್ಲಿ ಮುಳುಗಿಸಿದ್ರೆ ರೀಡಿಂಗ್ ಇಳಿಯುತ್ತೆ, ಅದೂ ಮಾಡ್ನೋಡಿ.

ಈಗ ಕೊರತೆ ಹೇಳ್ತೀನಿ, ಇವು ನಿಜಕ್ಕೂ ತೊಂದ್ರೆ ಕೊಡ್ತವೆ. ಎರಡರಲ್ಲಿ ಒಂದು ಏನೂ ನೇತು ಹಾಕದೇನೇ 0.4 ತೋರಿಸ್ತಿತ್ತು, ಮೇಲ್ಗಡೆ ಇರೋ ಸಣ್ಣ ನಟ್ ತಿರುಗಿಸಿ ಸೊನ್ನೆಗೆ ತರಬೇಕು, ಅದನ್ನ ಯಾವ ಚೀಟೀಲೂ ಬರೆದಿಲ್ಲ, ಮಗು ಹಾಗೇ ಲೆಕ್ಕ ಬರೆದ್ರೆ ಉತ್ತರ ಎಲ್ಲಾ ತಪ್ಪು. ಇನ್ನೊಂದು ವಿಷ್ಯ, ನೇತು ಹಾಕಿ ಸೊನ್ನೆ ಮಾಡಿದ್ದನ್ನ ಅಡ್ಡ ಮಲಗಿಸಿದ್ರೆ ಸೊನ್ನೆ ಜಾಗ ಬಿಡುತ್ತೆ, ಯಾಕಂದ್ರೆ ಕೊಕ್ಕೆಯ ತೂಕ ಈಗ ಸ್ಪ್ರಿಂಗನ್ನ ಎಳೀತಾ ಇಲ್ಲ, ಹಾಗಾಗಿ ನೆಲದ ಮೇಲೆ ಎಳೆಯೋಕೆ ಮುಂಚೆ ಮಲಗಿಸಿಟ್ಟೇ ಸೊನ್ನೆ ಮಾಡ್ಕೊಳ್ಳಿ. ಗೆರೆಗಳ ಪ್ರಿಂಟು ಒದ್ದೆ ಕೈ ತಗುಲಿ ಆಗ್ಲೇ ಮಾಸ್ತಾ ಇದೆ, ನಾವು ಮೇಲೆ ಸೆಲ್ಲೋಟೇಪ್ ಅಂಟಿಸಿದೀವಿ. 1 ಕೆಜಿಗಿಂತ ಜಾಸ್ತಿ ನೇತು ಹಾಕ್ಲೇಬೇಡಿ, ಸ್ಪ್ರಿಂಗ್ ಒಂದ್ಸಲ ಮಿತಿ ಮೀರಿ ಹಿಗ್ಗಿದ್ರೆ ಮೊದಲಿನ ಉದ್ದಕ್ಕೆ ಬರಲ್ಲ. ಹಿಗ್ಗೋದು ಬಲದ ಪ್ರಮಾಣಕ್ಕೆ ತಕ್ಕ ಹಾಗೆ ಅಂತ ರಾಬರ್ಟ್ ಹುಕ್ 1678ರಲ್ಲಿ ಪ್ರಕಟಿಸಿದ್ದು ಈ ಮಿತಿಯೊಳಗೆ ಮಾತ್ರ ನಡೆಯುತ್ತೆ.

5 ಸ್ಟಾರಿಗೆ 4 ಕೊಡ್ತೀನಿ, ಒಂದು ಕಳೆದಿದ್ದು ಪ್ರಿಂಟಿಗೆ. ತಗೊಳ್ಳೋದಾದ್ರೆ ಎರಡು ತಗೊಳ್ಳಿ. ಒಂದನ್ನ ಕಿಟಕಿ ಸರಳಿಗೆ ಕಟ್ಟಿ, ಅದರ ಕೊಕ್ಕೆಗೆ ಇನ್ನೊಂದರ ಕೊಕ್ಕೆ ಸಿಕ್ಕಿಸಿ ಎಳೀರಿ, ಎರಡೂ ಒಂದೇ ತೋರಿಸ್ತವೆ, ಅಂದ್ರೆ ನಾವು ಎಳೆದಷ್ಟೇ ಬಲದಲ್ಲಿ ಕಿಟಕೀನೂ ವಾಪಸ್ ಎಳೆಯುತ್ತೆ. ನಮ್ಮವಳು 4 ನ್ಯೂಟನ್‌ವರೆಗೆ ಎಳೆದು "ಕಿಟಕಿ ಎಲ್ಲಿ ಎಳೆಯುತ್ತಮ್ಮಾ" ಅಂತ ವಾದ ಮಾಡಿದ್ಲು, ಆಮೇಲೆ ಕಿಟಕಿ ಬದಲು ಅವಳ ತಮ್ಮ ಹಿಡ್ಕೊಂಡ, ಅವನು ಸುಮ್ನೆ ಹಿಡ್ಕೊಂಡಿದ್ರೂ ಎರಡರಲ್ಲೂ 4. ಈಗ ಲೆಕ್ಕ ಮಾಡೋಕೆ ಕೂತ್ರೆ ಮೊದ್ಲು ಪೆಟ್ಟಿಗೆ ಚಿತ್ರ ಬರೆದು ಎರಡೂ ಕಡೆ ಬಾಣ ಹಾಕ್ತಾಳೆ, ಹಿಂದಿನ ಬಾಣಕ್ಕೆ "ನೆಲ" ಅಂತ ಹೆಸರು ಬರೀತಾಳೆ, ಸೂತ್ರ ಆಮೇಲೆ.