ಬಿಸಿಬಿಆರ್ ಕೋರ್ಸು ಮತ್ತು ಅದರ ಮುಂದಿನ ದಾರಿ: ಸಂಶೋಧನೆಗೆ ಇಳಿಯುವ ವೈದ್ಯರಿಗಾಗಿ ಒಂದು ವಿಮರ್ಶೆ

ಎಂ.ಡಿ. ಅಥವಾ ಎಂ.ಎಸ್.ಗೆ ಸೇರಿದ ಕೆಲವೇ ತಿಂಗಳಲ್ಲಿ ಥೀಸಿಸ್‌ನ ಸಿನಾಪ್ಸಿಸ್ (ಅಧ್ಯಯನದ ಸಂಕ್ಷಿಪ್ತ ಪ್ರಸ್ತಾವ) ಸಲ್ಲಿಸಬೇಕಾದ ಪಿಜಿ ವಿದ್ಯಾರ್ಥಿಗೆ, ಸಂಶೋಧನೆ ಮಾಡುವುದು ಹೇಗೆ ಎಂದು ಕ್ರಮವಾಗಿ ಹೇಳಿಕೊಡುವ ವ್ಯವಸ್ಥೆ ನಮ್ಮ ಬಹುತೇಕ ವೈದ್ಯಕೀಯ ಕಾಲೇಜುಗಳಲ್ಲಿ ಬಹುಕಾಲ ಇರಲಿಲ್ಲ. ವಿಭಾಗದ ಕಪಾಟಿನಲ್ಲಿರುವ ಹಿಂದಿನ ಬ್ಯಾಚಿನ ಥೀಸಿಸ್ ಒಂದನ್ನು ಮುಂದಿಟ್ಟುಕೊಂಡು, ಅದರ ವಿಧಾನದ ಅಧ್ಯಾಯವನ್ನೇ ಅಲ್ಪಸ್ವಲ್ಪ ಬದಲಿಸಿ ಬರೆಯುವುದು ರೂಢಿಯಾಗಿಬಿಟ್ಟಿತ್ತು. ಈ ಕೊರತೆಯನ್ನು ನೀಗಿಸಲು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಅಂಗಸಂಸ್ಥೆಯಾದ, ಚೆನ್ನೈನ ರಾಷ್ಟ್ರೀಯ ಸಾಂಕ್ರಾಮಿಕ ರೋಗಶಾಸ್ತ್ರ ಸಂಸ್ಥೆಯು ಎನ್‌ಪಿಟಿಇಎಲ್ ಎಂಬ ಆನ್‌ಲೈನ್ ಪಾಠಗಳ ವೇದಿಕೆಯ ಮೂಲಕ ನಡೆಸುತ್ತಿರುವ ‘ಬೇಸಿಕ್ ಕೋರ್ಸ್ ಇನ್ ಬಯೋಮೆಡಿಕಲ್ ರಿಸರ್ಚ್’ (ಬಿಸಿಬಿಆರ್) ಇಂದು ಪಿಜಿ ವಿದ್ಯಾರ್ಥಿಗಳಿಗೂ ಬೋಧಕರಿಗೂ ಕಡ್ಡಾಯವಾಗಿದೆ. ಕಡ್ಡಾಯವಾದದ್ದೆಲ್ಲ ಕಾಟಾಚಾರಕ್ಕೆ ಇಳಿಯುವ ನಮ್ಮ ಶಿಕ್ಷಣ ವ್ಯವಸ್ಥೆಯಲ್ಲಿ, ಈ ಕೋರ್ಸು ಮನಸ್ಸಿಟ್ಟು ಕಲಿಯಲು ಯೋಗ್ಯವಾದ ಅಪರೂಪದ ಸಾಮಗ್ರಿ ಎಂಬುದು, ಅದನ್ನು ಸ್ವತಃ ಮಾಡಿ, ಈಗ ಪಿಜಿ ವಿದ್ಯಾರ್ಥಿಗಳಿಗೆ ಗೈಡ್ ಆಗಿರುವ ನನ್ನ ಖಚಿತ ಅಭಿಪ್ರಾಯ. ಆದರೆ ಅದು ನಿಲ್ಲುವ ಜಾಗದಿಂದ ಮುಂದಕ್ಕೆ ಯಾರು ಕೈಹಿಡಿಯುತ್ತಾರೆ ಎಂಬ ಪ್ರಶ್ನೆಯನ್ನೂ ಇದರ ಜೊತೆಗೇ ಕೇಳಬೇಕಾಗುತ್ತದೆ.

ಕೋರ್ಸಿಗೆ ನೋಂದಾಯಿಸಿಕೊಂಡು ಪಾಠ ಕೇಳುವುದು ಉಚಿತ. ಪರೀಕ್ಷೆ ಬರೆದು ಪ್ರಮಾಣಪತ್ರ ಪಡೆಯಬೇಕಾದವರು ಮಾತ್ರ ಶುಲ್ಕ ಕಟ್ಟಬೇಕು. ಪಾಠಗಳು ಸಂಶೋಧನಾ ಪ್ರಶ್ನೆಯನ್ನು ರೂಪಿಸುವುದರಿಂದ ತೊಡಗಿ ಸಾಹಿತ್ಯ ಪರಿಶೀಲನೆ, ಅಧ್ಯಯನದ ವಿನ್ಯಾಸ, ಸ್ಯಾಂಪಲ್ ಸೈಜ್ (ಅಧ್ಯಯನಕ್ಕೆ ಎಷ್ಟು ಜನ ಬೇಕೆಂಬ ಲೆಕ್ಕ), ದತ್ತಾಂಶ ಸಂಗ್ರಹ, ವಿಶ್ಲೇಷಣೆ, ನೈತಿಕ ಚೌಕಟ್ಟು, ಪ್ರೋಟೋಕಾಲ್ (ಅಧ್ಯಯನದ ಲಿಖಿತ ಯೋಜನೆ) ಬರಹ, ಪ್ರಕಟಣೆಯ ನೀತಿಗಳವರೆಗೆ ಒಂದು ಅಧ್ಯಯನವು ನಿಜಕ್ಕೂ ಸಾಗುವ ಕ್ರಮದಲ್ಲೇ ಸಾಗುತ್ತವೆ. ಪ್ರತಿ ಪಾಠವೂ ಚಿಕ್ಕದಾಗಿದ್ದು, ರಾತ್ರಿ ಡ್ಯೂಟಿಯ ನಡುವೆ ಸಿಗುವ ಬಿಡುವಿನಲ್ಲಿ ಒಂದೊಂದನ್ನು ನೋಡಿ ಮುಗಿಸಬಹುದು. ಬೋಧಿಸುವವರು ಪುಸ್ತಕದ ಪಂಡಿತರಷ್ಟೇ ಅಲ್ಲ, ದೇಶದ ದೊಡ್ಡ ಅಧ್ಯಯನಗಳನ್ನು ನಡೆಸಿದವರು. ಕೋವಿಡ್ ಕಾಲದಲ್ಲಿ, ಗುಣಮುಖರಾದವರ ರಕ್ತದ್ರವವನ್ನು ರೋಗಿಗೆ ಕೊಡುವ ಪ್ಲಾಸ್ಮಾ ಚಿಕಿತ್ಸೆಗಾಗಿ ರೋಗಿಗಳ ಬಂಧುಗಳು ದಾನಿಗಳನ್ನು ಹುಡುಕುತ್ತ ಅಲೆಯುತ್ತಿದ್ದಾಗ, 39 ಆಸ್ಪತ್ರೆಗಳ 464 ರೋಗಿಗಳಲ್ಲಿ ನಡೆದ ಐಸಿಎಂಆರ್‌ನ ‘ಪ್ಲಾಸಿಡ್’ ಪ್ರಯೋಗವು ಆ ಚಿಕಿತ್ಸೆಯಿಂದ ರೋಗ ಉಲ್ಬಣಿಸುವುದಾಗಲಿ ಸಾವಾಗಲಿ ತಗ್ಗಲಿಲ್ಲವೆಂದು 2020ರಲ್ಲೇ ತೋರಿಸಿತು. ಪ್ಲಾಸ್ಮಾ ಪಡೆದವರಲ್ಲಿ ಶೇ 19ರಷ್ಟು, ಪಡೆಯದವರಲ್ಲಿ ಶೇ 18ರಷ್ಟು ಮಂದಿಯ ಸ್ಥಿತಿ ಬಿಗಡಾಯಿಸಿತ್ತು ಅಥವಾ ಅವರು ಸಾವಿಗೀಡಾಗಿದ್ದರು. ಆ ಪ್ರಯೋಗದಲ್ಲಿ ಈ ಚೆನ್ನೈ ಸಂಸ್ಥೆಯ ವಿಜ್ಞಾನಿಗಳೂ ಭಾಗಿಯಾಗಿದ್ದರು ಎಂಬುದನ್ನು ತಿಳಿದು ಕ್ಲಿನಿಕಲ್ ಟ್ರಯಲ್ ಕುರಿತ ಪಾಠಗಳನ್ನು ಕೇಳಿದರೆ, ಯಾದೃಚ್ಛಿಕ ಹಂಚಿಕೆ, ಅಂದರೆ ಯಾರಿಗೆ ಯಾವ ಚಿಕಿತ್ಸೆ ಎಂಬುದನ್ನು ಚೀಟಿ ಎತ್ತಿದಂತೆ ನಿರ್ಧರಿಸುವುದು, ಏಕೆ ಬೇಕು ಎಂಬುದನ್ನು ಪ್ರತ್ಯೇಕವಾಗಿ ವಿವರಿಸಬೇಕಾಗುವುದಿಲ್ಲ.

ನನ್ನ ಮಟ್ಟಿಗೆ ಇಡೀ ಕೋರ್ಸಿನ ಬೆಲೆ ಸ್ಯಾಂಪಲ್ ಸೈಜ್ ಪಾಠದಲ್ಲೇ ಸಂದುಹೋಗುತ್ತದೆ. ನಮ್ಮಲ್ಲಿ ಥೀಸಿಸ್ ಎಂದರೆ ನೂರು ರೋಗಿಗಳು ಎಂಬ ನಂಬಿಕೆ ಎಷ್ಟು ಗಟ್ಟಿಯಾಗಿದೆಯೆಂದರೆ, ಪ್ರಶ್ನೆ ಯಾವುದೇ ಆಗಿರಲಿ ಸಂಖ್ಯೆ ಮಾತ್ರ ಬದಲಾಗುವುದಿಲ್ಲ. ಮಧುಮೇಹಿಗಳಲ್ಲಿ ಒಂದು ತೊಡಕು ಶೇ 20ರಷ್ಟು ಇರಬಹುದೆಂದು ಹಿಂದಿನ ಅಧ್ಯಯನವೊಂದು ಹೇಳಿದೆ ಎಂದುಕೊಳ್ಳೋಣ. ಅದರ ಪ್ರಮಾಣವನ್ನು ಆಚೀಚೆ ಶೇ 5ರ ಒಳಗೆ, ಶೇ 95ರ ವಿಶ್ವಾಸದಲ್ಲಿ ಅಳೆಯಬೇಕಾದರೆ, ಎಲ್ಲರೂ ಬಾಯಿಪಾಠ ಮಾಡಿರುವ ನಾಲ್ಕು ಪಿಕ್ಯೂ ಭಾಗಿಸು ಡಿ ವರ್ಗದ ಸೂತ್ರದ (ಪಿ ಎಂದರೆ ತೊಡಕಿರುವವರ ಶೇಕಡಾ ಪ್ರಮಾಣ, ಕ್ಯೂ ಉಳಿದವರದು, ಡಿ ನಾವು ಒಪ್ಪುವ ಆಚೀಚೆಯ ಅಂತರ) ಪ್ರಕಾರ 4 ಗುಣಿಸು 20 ಗುಣಿಸು 80, ಅಂದರೆ 6,400ನ್ನು 25ರಿಂದ ಭಾಗಿಸಿದಾಗ 256 ರೋಗಿಗಳು ಬೇಕು. ಅದೇ ನಿಖರತೆಯನ್ನು ಆಚೀಚೆ ಶೇ 4ಕ್ಕೆ ಬಿಗಿಗೊಳಿಸಿದರೆ ಸಂಖ್ಯೆ 400ಕ್ಕೆ ಏರುತ್ತದೆ. ಹೀಗೆ ಒಂದೇ ಒಂದು ಶೇಕಡಾ ಅಂಕದ ಬದಲಾವಣೆಗೆ ನೂರ ನಲವತ್ತನಾಲ್ಕು ರೋಗಿಗಳು ಹೆಚ್ಚುವುದನ್ನು ವಿದ್ಯಾರ್ಥಿಯೇ ಕೈಯಾರೆ ಲೆಕ್ಕ ಹಾಕಿ ಕಂಡಾಗ, ತನ್ನ ವಾರ್ಡಿಗೆ ವರ್ಷಕ್ಕೆ ಅಷ್ಟು ರೋಗಿಗಳು ಬರುತ್ತಾರೆಯೇ, ಬಾರದಿದ್ದರೆ ಪ್ರಶ್ನೆಯನ್ನೇ ಬದಲಿಸಬೇಕೇ ಎಂದು ಯೋಚಿಸತೊಡಗುತ್ತಾನೆ. ಸಂಶೋಧಕನ ಯೋಚನೆ ಎಂದರೆ ಇದೇ. ಡಿ ಎಂಬುದು ಸೂತ್ರದಲ್ಲಿ ತಾನಾಗಿ ಬಂದು ಕೂರುವುದಿಲ್ಲ, ಅದನ್ನು ತಾನೇ ಆರಿಸಬೇಕು ಮತ್ತು ಆ ಆಯ್ಕೆಗೆ ಕಾರಣ ಕೊಡಬೇಕು ಎಂಬುದನ್ನು ಈ ಪಾಠದಷ್ಟು ಸರಳವಾಗಿ ಹೇಳಿಕೊಟ್ಟದ್ದನ್ನು ನಾನು ಬೇರೆಡೆ ಕಂಡಿಲ್ಲ.

ನೈತಿಕ ಚೌಕಟ್ಟಿನ ಪಾಠವೂ ಚೆನ್ನಾಗಿದೆ. ಎಥಿಕ್ಸ್ ಕಮಿಟಿಯ ಒಪ್ಪಿಗೆ ಎಂದರೆ ಸಹಿ, ಸೀಲು ಎಂದಷ್ಟೇ ತಿಳಿದವರಿಗೆ, ರೋಗಿಗೆ ತನ್ನ ಭಾಷೆಯಲ್ಲಿ ಅರ್ಥವಾಗುವಂತೆ ತಿಳಿಸಿ ಪಡೆಯುವ ಸಮ್ಮತಿ ಏಕೆ ಮುಖ್ಯವೆಂಬುದು ಇಲ್ಲಿ ಮನದಟ್ಟಾಗುತ್ತದೆ. ಇದರ ಜೊತೆಗೆ ಐಸಿಎಂಆರ್‌ನ 2017ರ ನೈತಿಕ ಮಾರ್ಗಸೂಚಿಯನ್ನೂ 2019ರ ನವ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳನ್ನೂ ಒಮ್ಮೆ ಓದಿಕೊಳ್ಳುವುದು ಒಳ್ಳೆಯದು. ನಮ್ಮ ದೇಶದಲ್ಲಿ ಟ್ರಯಲ್‌ಗಳ ನೋಂದಣಿ ತಾಣವಾದ ಸಿಟಿಆರ್‌ಐ 2007ರಲ್ಲೇ ಆರಂಭವಾಗಿದ್ದು, ಮೊದಲ ರೋಗಿಯನ್ನು ಸೇರಿಸಿಕೊಳ್ಳುವ ಮುನ್ನವೇ ಅಲ್ಲಿ ನೋಂದಾಯಿಸಬೇಕೆಂಬ ಅಂಶವನ್ನು ಪಿಜಿಗಳು ಮೊದಲ ದಿನವೇ ಬರೆದಿಟ್ಟುಕೊಳ್ಳಬೇಕು.

ಕೊರತೆ ಇರುವುದು ಪರೀಕ್ಷೆಯ ಸ್ವರೂಪದಲ್ಲಿ. ಪ್ರಶ್ನೆಗಳೆಲ್ಲ ಎಂಸಿಕ್ಯೂ. ಅಸೈನ್‌ಮೆಂಟ್‌ಗಳಲ್ಲೂ ಅಂತಿಮ ಪರೀಕ್ಷೆಯಲ್ಲೂ ಅರ್ಧದಷ್ಟು ಅಂಕ ಬಂದರೆ ಪ್ರಮಾಣಪತ್ರ ಸಿಗುತ್ತದೆ. ನಾಲ್ಕು ಆಯ್ಕೆಗಳಲ್ಲಿ ಸರಿಯಾದುದನ್ನು ಗುರುತಿಸಬಲ್ಲವನು ಎರಡು ಪುಟದ ಪರಿಕಲ್ಪನಾ ಟಿಪ್ಪಣಿಯನ್ನು ತಾನೇ ಬರೆಯಬಲ್ಲನೆಂದು ಹೇಳಲಾಗದು; ಪ್ರೋಟೋಕಾಲ್ ಬರೆಯುವ ಪಾಠವಿದೆಯೇ ಹೊರತು, ಬರೆದ ಪ್ರೋಟೋಕಾಲನ್ನು ಓದಿ ತಿದ್ದುವವರಿಲ್ಲ. ದೇಶದ ಎಲ್ಲ ಪಿಜಿಗಳನ್ನೂ ತಲುಪಬೇಕಾದ ಕೋರ್ಸು ಪ್ರತಿಯೊಬ್ಬರ ಬರಹವನ್ನೂ ತಿದ್ದಲಾರದು ಎಂಬುದನ್ನು ನಾನು ಒಪ್ಪುತ್ತೇನೆ. ಆ ಕೆಲಸ ಆಗಬೇಕಾದದ್ದು ಕಾಲೇಜಿನಲ್ಲಿ. ಗೈಡ್ ಆದವರು ತಮ್ಮ ವಿದ್ಯಾರ್ಥಿಯನ್ನು ಸಿನಾಪ್ಸಿಸ್ ಸಲ್ಲಿಸಿದ ಮೇಲೆ ಅಲ್ಲ, ಅದಕ್ಕೆ ಮೊದಲೇ ಈ ಪಾಠಗಳನ್ನು ನೋಡುವಂತೆ ಮಾಡಿ, ಪ್ರತಿ ಪಾಠದ ನಂತರ ಅವನ ಸ್ವಂತ ವಿಷಯದ ಮೇಲೆ ಒಂದು ಪುಟ ಬರೆಸಿದರೆ ಕೋರ್ಸಿನ ಉಪಯೋಗ ಹಲವು ಪಟ್ಟು ಹೆಚ್ಚುತ್ತದೆ. ಪರೀಕ್ಷೆಯ ದಿನಾಂಕ ಯಾವಾಗಲೇ ಇರಲಿ, ಪಾಠಗಳಿಗಾಗಿ ಕಾಯಬೇಕಾದ ಅಗತ್ಯವಿಲ್ಲ. ಓದಬೇಕಾದ ಪತ್ರಿಕೆಗಳ ವಿಷಯದಲ್ಲಿ ಕರ್ನಾಟಕದವರಿಗೆ ಒಂದು ಅನುಕೂಲವಿದೆ: ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ‘ಹೆಲಿನೆಟ್’ ಡಿಜಿಟಲ್ ಗ್ರಂಥಾಲಯ. ಅದರ ಲಾಗಿನ್ ತಮಗೂ ಸಿಗುತ್ತದೆಂದು ತಿಳಿಯದೆ ಪಿಜಿ ಮುಗಿಸುವವರನ್ನು ಕಂಡರೆ ನನಗೆ ನಿಜಕ್ಕೂ ಬೇಸರವಾಗುತ್ತದೆ.

ಇನ್ನು ಹಣದ ವಿಷಯ. ಎಂಬಿಬಿಎಸ್ ಮತ್ತು ಬಿಡಿಎಸ್ ವಿದ್ಯಾರ್ಥಿಗಳಿಗೆ ಐಸಿಎಂಆರ್ 1979ರಿಂದ ನಡೆಸುತ್ತ ಬಂದಿರುವ ‘ಶಾರ್ಟ್ ಟರ್ಮ್ ಸ್ಟೂಡೆಂಟ್‌ಶಿಪ್’, ಅಂದರೆ ಎಸ್‌ಟಿಎಸ್, ನನ್ನ ದೃಷ್ಟಿಯಲ್ಲಿ ಇಡೀ ವ್ಯವಸ್ಥೆಯಲ್ಲೇ ಅತ್ಯಂತ ಕಡಿಮೆ ಖರ್ಚಿನಲ್ಲಿ ಅತ್ಯಂತ ಹೆಚ್ಚು ಫಲ ಕೊಡುವ ಯೋಜನೆ. ವಿದ್ಯಾರ್ಥಿಯು ಒಬ್ಬ ಗೈಡ್ ಅಡಿಯಲ್ಲಿ ಪ್ರಸ್ತಾವ ಬರೆದು ಕಳುಹಿಸಬೇಕು. ಒಪ್ಪಿಗೆ ಬಂದರೆ ಎರಡು ತಿಂಗಳ ಅಧ್ಯಯನ ಮಾಡಿ ವರದಿ ಸಲ್ಲಿಸಬೇಕು. ವರದಿ ಅಂಗೀಕಾರವಾದ ನಂತರವೇ ಸ್ಟೈಪೆಂಡ್ ಮತ್ತು ಪ್ರಮಾಣಪತ್ರ. ಬಿಸಿಬಿಆರ್ ಮಾಡದ ಕೆಲಸವನ್ನು ಎಸ್‌ಟಿಎಸ್ ಮಾಡುತ್ತದೆ: ಬರೆದದ್ದನ್ನು ಹೊರಗಿನವರೊಬ್ಬರು ಓದುತ್ತಾರೆ, ಸರಿಯಿಲ್ಲದಿದ್ದರೆ ತಿರಸ್ಕರಿಸುತ್ತಾರೆ. ಇಪ್ಪತ್ತರ ವಯಸ್ಸಿನಲ್ಲಿ ಆ ತಿರಸ್ಕಾರವನ್ನು ಉಂಡು ಮತ್ತೊಮ್ಮೆ ಬರೆದವರು ಮುಂದೆ ದೊಡ್ಡ ಗ್ರ್ಯಾಂಟುಗಳಿಗೆ ಅರ್ಜಿ ಹಾಕಲು ಅಂಜುವುದಿಲ್ಲ. ರಾಜೀವ್ ಗಾಂಧಿ ವಿಶ್ವವಿದ್ಯಾಲಯವೂ ತನ್ನ ಸಂಯೋಜಿತ ಕಾಲೇಜುಗಳ ಬೋಧಕರಿಗೆ, ವಿದ್ಯಾರ್ಥಿಗಳಿಗೆ ಸಂಶೋಧನಾ ಅನುದಾನ ನೀಡುತ್ತದೆ. ಜಿಲ್ಲಾ ಕೇಂದ್ರಗಳ ಕಾಲೇಜುಗಳಿಂದ ಮೊದಲ ಅರ್ಜಿ ಹಾಕುವವರು ಅಲ್ಲಿಂದಲೇ ಆರಂಭಿಸುವುದು ಸೂಕ್ತ.

ಇಂಥ ಅನುದಾನಗಳು ಹೆಚ್ಚಾಗಿ ಹಣ ಕೊಡುವುದು ಕಿಟ್‌ಗಳಿಗೆ, ಪರೀಕ್ಷೆಗಳಿಗೆ, ಸಹಾಯಕರ ಸಂಬಳಕ್ಕೆ. ವೈದ್ಯನಾದ ಸಂಶೋಧಕನಿಗೆ ಇವೆಲ್ಲಕ್ಕಿಂತ ದುರ್ಲಭವಾದದ್ದು ಸಮಯ. ಬೆಳಗ್ಗೆ ಓಪಿಡಿ, ಮಧ್ಯಾಹ್ನ ಕ್ಲಾಸು, ವಾರಕ್ಕೆರಡು ರಾತ್ರಿ ಡ್ಯೂಟಿ, ನಡುವೆ ತಪಾಸಣೆಗೆ ಬರುವವರಿಗಾಗಿ ಕಡತ ಸಿದ್ಧಪಡಿಸುವ ಕೆಲಸ ಇರುವ ಸಹಾಯಕ ಪ್ರಾಧ್ಯಾಪಕರು ಸಂಶೋಧನೆ ಮಾಡುವುದು ಉಳಿದ ಗಳಿಗೆಗಳಲ್ಲಿ. ಈ ದೃಷ್ಟಿಯಿಂದಲೇ ನಾನು ಇಂಡಿಯಾ ಅಲಯನ್ಸ್‌ನ ಫೆಲೋಶಿಪ್‌ಗಳನ್ನು ಉಳಿದೆಲ್ಲಕ್ಕಿಂತ ಮೇಲಿಡುತ್ತೇನೆ. ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ ಮತ್ತು ಬ್ರಿಟನ್ನಿನ ವೆಲ್‌ಕಮ್ ಸಂಸ್ಥೆ ಜೊತೆಗೂಡಿ ಕಟ್ಟಿದ, ಹೈದರಾಬಾದಿನಲ್ಲಿ ಕಚೇರಿ ಹೊಂದಿರುವ ಈ ಸಂಸ್ಥೆ ವೈದ್ಯರಿಗೆ ಮತ್ತು ಸಾರ್ವಜನಿಕ ಆರೋಗ್ಯ ತಜ್ಞರಿಗೆಂದೇ ಪ್ರತ್ಯೇಕ ಫೆಲೋಶಿಪ್‌ಗಳನ್ನು, ವೃತ್ತಿಯ ಆರಂಭ, ಮಧ್ಯ ಮತ್ತು ಹಿರಿಯ ಹಂತಗಳಿಗೆ ಬೇರೆಬೇರೆಯಾಗಿ ನೀಡುತ್ತ ಬಂದಿದೆ. ಅವು ಸಂಶೋಧಕರ ಸ್ವಂತ ವೇತನವನ್ನೂ ಸಂಶೋಧನೆಯ ವೆಚ್ಚವನ್ನೂ ಸಾಮಾನ್ಯವಾಗಿ ಐದು ವರ್ಷಗಳ ಕಾಲ ಭರಿಸುತ್ತವೆ. ಅರ್ಹತೆಯನ್ನು ವಯಸ್ಸಿನಿಂದ ಅಳೆಯದೆ ಸಂಶೋಧನಾ ಅನುಭವದಿಂದ ಅಳೆಯುವ ಪದ್ಧತಿಯಂತೂ, ಮಕ್ಕಳ ಪಾಲನೆಗಾಗಿ ಕೆಲವು ವರ್ಷ ವೃತ್ತಿಯಿಂದ ದೂರವಿದ್ದು ಮರಳುವ ವೈದ್ಯೆಯರಿಗೆ ದೊಡ್ಡ ಆಸರೆ.

ಅರ್ಜಿಯ ದಾರಿ ಸುಲಭದ್ದಲ್ಲ. ಮೊದಲು ಸಂಕ್ಷಿಪ್ತ ಅರ್ಜಿ, ಆಯ್ಕೆಯಾದರೆ ಪೂರ್ಣ ಅರ್ಜಿ, ಅದರ ಮೇಲೆ ಹೊರಗಿನ ತಜ್ಞರ ವಿಮರ್ಶೆ, ಕೊನೆಗೆ ಸಂದರ್ಶನ. ಪ್ರತಿ ಹಂತದಲ್ಲೂ ಕೇಳುವ ಮೂಲ ಪ್ರಶ್ನೆ ಒಂದೇ: ಈ ವಿಷಯವನ್ನು ನೀವೇ ಏಕೆ, ಇಲ್ಲೇ ಏಕೆ, ಈಗಲೇ ಏಕೆ ಮಾಡಬೇಕು? ತನ್ನ ಓಪಿಡಿಗೆ ದಿನವೂ ಬರುವ ರೋಗಿಯನ್ನು ನೋಡಿ ಹುಟ್ಟಿದ ಪ್ರಶ್ನೆಗೆ ಇಲ್ಲಿ ಬೆಲೆಯಿದೆ. ಬೆಂಗಳೂರಿನ ನಿಮ್ಹಾನ್ಸ್, ಸೇಂಟ್ ಜಾನ್ಸ್ ಸಂಸ್ಥೆಗಳಲ್ಲಿ ಇಂಥ ಫೆಲೋಗಳು ಕೆಲಸ ಮಾಡಿದ್ದಾರೆ. 2025ರ ಅಕ್ಟೋಬರ್‌ನಲ್ಲಿ ಕೇಂದ್ರ ಸಚಿವ ಸಂಪುಟವು ಈ ಫೆಲೋಶಿಪ್ ಕಾರ್ಯಕ್ರಮದ ಒಟ್ಟು 1,500 ಕೋಟಿ ರೂಪಾಯಿಯ ಮೂರನೆಯ ಹಂತಕ್ಕೆ ಒಪ್ಪಿಗೆ ನೀಡಿದ್ದು, ಅದರಲ್ಲಿ 1,000 ಕೋಟಿ ಸರ್ಕಾರದ್ದು, 500 ಕೋಟಿ ವೆಲ್‌ಕಮ್‌ನದು. ಈ ಹಣದ ಒಂದು ಪಾಲಾದರೂ ಕಲಬುರಗಿ, ಬಳ್ಳಾರಿ, ಶಿವಮೊಗ್ಗದಂಥ ಊರುಗಳ ಕಾಲೇಜುಗಳನ್ನು ತಲುಪಬೇಕೆಂಬುದು ನನ್ನ ಬಯಕೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಕಾಣಿಸಿಕೊಂಡ ಮಂಗನ ಕಾಯಿಲೆಯು ಇಂದಿಗೂ ಮಲೆನಾಡಿನವರನ್ನು ಕಾಡುತ್ತಿರುವಾಗ, ಆ ರೋಗಿಗಳ ಹಾಸಿಗೆಯ ಪಕ್ಕದಲ್ಲಿ ನಿಂತವರಿಗಿಂತ ಒಳ್ಳೆಯ ಪ್ರಶ್ನೆ ಕೇಳಬಲ್ಲವರು ಯಾರಿದ್ದಾರೆ?

ಇಂಥ ಬೆಂಬಲ ಸಿಕ್ಕಾಗ ನಮ್ಮ ಊರಿನಿಂದಲೇ ಏನಾಗಬಹುದು ಎಂಬುದಕ್ಕೆ ಸೇಂಟ್ ಜಾನ್ಸ್‌ನ ಪಾಲಿಪಿಲ್ ಅಧ್ಯಯನಗಳು ಸಾಕ್ಷಿ. ರಕ್ತದೊತ್ತಡ ತಗ್ಗಿಸುವ ಮೂರು ಔಷಧ, ಕೊಲೆಸ್ಟರಾಲ್ ತಗ್ಗಿಸುವ ಒಂದು, ಆಸ್ಪಿರಿನ್ ಒಂದು, ಹೀಗೆ ಐದನ್ನು ಒಂದೇ ಕ್ಯಾಪ್ಸೂಲಿನಲ್ಲಿ ಸೇರಿಸಿ ದೇಶದ 50 ಕೇಂದ್ರಗಳ 2,053 ಜನರಲ್ಲಿ ಪರೀಕ್ಷಿಸಿದ ಮೊದಲ ಅಧ್ಯಯನ 2009ರಲ್ಲಿ ಪ್ರಕಟವಾಯಿತು. ಕೆನಡಾದ ಸಲೀಂ ಯೂಸುಫ್ ಮತ್ತು ಬೆಂಗಳೂರಿನ ಪ್ರೇಮ್ ಪೈಸ್ ಅವರ ಮುಂದಾಳತ್ವದಲ್ಲಿ ಅದರ ಮುಂದುವರಿಕೆಯಾಗಿ ನಡೆದ, ವೆಲ್‌ಕಮ್ ನೆರವೂ ಇದ್ದ ‘ಟಿಪ್ಸ್-3’ ಪ್ರಯೋಗದಲ್ಲಿ 5,713 ಜನರಿದ್ದು, ಅವರಲ್ಲಿ ಅರ್ಧಕ್ಕೆ ಸಮೀಪದಷ್ಟು ಮಂದಿ ಭಾರತೀಯರು. ಪಾಲಿಪಿಲ್ ಜೊತೆಗೆ ಆಸ್ಪಿರಿನ್ನನ್ನು ಪ್ರತ್ಯೇಕವಾಗಿ ಪಡೆದವರಲ್ಲಿ ಶೇ 4.1ರಷ್ಟು, ಎರಡೂ ಪಡೆಯದವರಲ್ಲಿ ಶೇ 5.8ರಷ್ಟು ಜನರಿಗೆ ಹೃದಯ-ರಕ್ತನಾಳದ ಗಂಭೀರ ತೊಂದರೆ ಕಾಣಿಸಿತು. ಪ್ರಯೋಗಾಲಯದ ಕಲ್ಪನೆಯೊಂದು ರೋಗಿಯ ಮಾತ್ರೆಯ ಡಬ್ಬಿಯವರೆಗೆ ಬರಲು ಎಷ್ಟು ವರ್ಷ, ಎಷ್ಟು ಕೇಂದ್ರ, ಎಷ್ಟು ಜನರ ಶ್ರಮ ಬೇಕು ಎಂದು ಕೇಳುವ ವಿದ್ಯಾರ್ಥಿಗಳಿಗೆ ನಾನು ಈ ಎರಡು ಪ್ರಬಂಧಗಳನ್ನೇ ಓದಲು ಕೊಡುತ್ತೇನೆ.

ಪ್ರಶ್ನೆಯು ಔಷಧದ ಬದಲು ಉಪಕರಣದ ಕುರಿತಾಗಿದ್ದರೆ ದಾರಿ ಬೇರೆ. ಜೈವಿಕ ತಂತ್ರಜ್ಞಾನ ಉದ್ಯಮಕ್ಕೆ ನೆರವಾಗುವ ಕೇಂದ್ರ ಸರ್ಕಾರದ ಸಂಸ್ಥೆ ಬೈರಾಕ್‌ನ ‘ಬಿಗ್’ (ಬಯೋಟೆಕ್ನಾಲಜಿ ಇಗ್ನಿಷನ್ ಗ್ರ್ಯಾಂಟ್) ಅನುದಾನವು ಹೊಸ ಕಲ್ಪನೆಯನ್ನು ಸಾಧಿಸಿ ತೋರಿಸಲು 18 ತಿಂಗಳ ಅವಧಿಗೆ 50 ಲಕ್ಷ ರೂಪಾಯಿವರೆಗೆ ಕೊಡುತ್ತದೆ. ಬೆಂಗಳೂರಿನ ಸಿ-ಕ್ಯಾಂಪ್ ಅದರ ಪಾಲುದಾರ ಸಂಸ್ಥೆಗಳಲ್ಲಿ ಒಂದು. ಇಂಜಿನಿಯರ್ ಒಬ್ಬರ ಜೊತೆ ಸೇರದೆ ವೈದ್ಯರು ಒಂಟಿಯಾಗಿ ಈ ಅರ್ಜಿ ಹಾಕುವುದನ್ನು ನಾನು ಸಲಹೆ ಮಾಡುವುದಿಲ್ಲ.

ಕಾರ್ಯಾಗಾರಗಳ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಎರಡು ದಿನ ಉಪನ್ಯಾಸ ಕೇಳಿಸಿ ಚೀಲ, ಪ್ರಮಾಣಪತ್ರ ಕೊಟ್ಟು ಕಳುಹಿಸುವವುಗಳಿಂದ ದೂರವಿರುವುದೇ ಲೇಸು. ಅರ್ಜಿ ಬರೆಯುವುದನ್ನು, ಸಂಶೋಧನೆಯನ್ನು ಇತರರಿಗೆ ತಿಳಿಯುವಂತೆ ಹೇಳುವುದನ್ನು ಅಲ್ಲೇ ಕೂರಿಸಿ ಮಾಡಿಸುವ ಕಾರ್ಯಾಗಾರಗಳಿಗೆ ಮಾತ್ರ ರಜೆ ಖರ್ಚು ಮಾಡಬೇಕು. ಇಂಡಿಯಾ ಅಲಯನ್ಸ್‌ನ ವಿಜ್ಞಾನ ಸಂವಹನ ಕಾರ್ಯಾಗಾರಗಳು ಈ ಬಗೆಯವು. ಹೋಗುವಾಗ ಸ್ವಂತ ಪ್ರಸ್ತಾವದ ಕರಡನ್ನು, ಅದು ಎಷ್ಟೇ ಅರೆಬರೆಯಾಗಿರಲಿ, ಮುದ್ರಿಸಿ ಕೊಂಡೊಯ್ಯಿರಿ. ಊಟದ ಬಿಡುವಿನಲ್ಲಿ ಯಾರಾದರೂ ಹಿರಿಯ ಸಂಶೋಧಕರ ಕೈಗಿತ್ತು ಗುರುತು ಹಾಕಿಸಿಕೊಳ್ಳಿ.