ಕೊಡಗಿನ ಮಳೆಗಾಲಕ್ಕೆ ನಾಯಿಮರಿಯ ಡ್ರೈ ಫುಡ್: ಚೀಲವೋ, ಚಿಕ್ಕ ಪ್ಯಾಕೆಟ್ಟೋ?

ಲ್ಯಾಬ್ರಡಾರ್ (ಲ್ಯಾಬ್) ಮರಿ ಜೂಲಿಗೆ ನಮ್ಮನೆಯಲ್ಲಿ ಹಾಕಿ ನೋಡಿದ್ದು ಇವು: ರಿಯಾಯಿತಿಯಲ್ಲಿ ಸಿಕ್ಕ ದೊಡ್ಡ ಚೀಲ, ದುಬಾರಿ ರಾಯಲ್ ಕ್ಯಾನಿನ್, ಡ್ರೂಲ್ಸ್ ಪಪ್ಪಿಯ 3 ಕಿಲೋ ಪ್ಯಾಕೆಟ್, ಜೊತೆಗೆ ಅಮ್ಮನ ಅನ್ನ-ಕೋಳಿ. ನನ್ನ ಓಟು 3 ಕಿಲೋ ಪ್ಯಾಕೆಟ್‌ಗೆ. ಅದಕ್ಕೆ ಕಾರಣ ಪ್ರೋಟೀನ್ ಅಲ್ಲ, ಪೊನ್ನಂಪೇಟೆ ಕಡೆಯ ಮಳೆ.

ಪ್ರೋಟೀನ್ ವಿಷಯಕ್ಕೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಕಿಲ್ಲ. ಬೆಳೆಯುವ ಮರಿಗೆ ಆಹಾರದಲ್ಲಿ ಕನಿಷ್ಠ 22% ಆಸುಪಾಸು ಇರಬೇಕು. 'ಪಪ್ಪಿ' ಎಂದು ಬರೆದ, ಹೆಸರಿರುವ ಕಂಪನಿಯ ಪ್ಯಾಕೆಟ್‌ಗಳಲ್ಲಿ ಅಷ್ಟು ಇದ್ದೇ ಇರುತ್ತದೆ. 'ಅಡಲ್ಟ್' ಎಂದಿರುವುದನ್ನು ಮಾತ್ರ ಮರಿಗೆ ತರಬೇಡಿ.

ಈಗ ಆ ದೊಡ್ಡ ಚೀಲದ ಕಥೆ. ಮೈಸೂರಿನಿಂದ ಬರುವವರ ಕಾರಿನಲ್ಲಿ ಹಾಕಿಸಿಕೊಂಡು ಬಂದದ್ದು, 10 ಕಿಲೋ. ಕಿಲೋ ಲೆಕ್ಕ ಹಾಕಿದರೆ ಒಳ್ಳೆಯ ಉಳಿತಾಯ. ಮರಿಗೂ ಹಿಡಿಸಿತು, ಹೊಟ್ಟೆಯೂ ಸರಿ ಇತ್ತು. ಆದರೆ ಚೀಲ ಬಿಚ್ಚಿದ್ದು ಜೂನ್ ಕೊನೆಗೆ. ಮೂರು ತಿಂಗಳ ಲ್ಯಾಬ್ ಮರಿ ದಿನಕ್ಕೆ ಸುಮಾರು 250 ಗ್ರಾಂ ತಿಂದರೆ 10 ಕಿಲೋ ನಲವತ್ತು ದಿನ ಬರುತ್ತದೆ. ಅಂದರೆ ಚೀಲದ ಅರ್ಧ ಭಾಗ ಕಕ್ಕಡ ತಿಂಗಳಿನ (ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗಿನ) ಮಳೆಯಲ್ಲಿ ಕೂರಬೇಕು. ಬೀರುವಿನಲ್ಲಿ ಮಡಚಿಟ್ಟ ಸೀರೆಗೇ ಬೂಷ್ಟು ಹಿಡಿಯುವ ಕಾಲ ಅದು. ಬಟ್ಟೆ ಒಣಗುವುದು ಒಲೆಯ ಮೇಲೆ ಕಟ್ಟಿದ ಹಗ್ಗದಲ್ಲಿ ಮಾತ್ರ.

ಮೊದಲು ಕಾಳಿನ ಗರಿಗರಿ ಹೋಯಿತು. ಬೆರಳಲ್ಲಿ ಅದುಮಿದರೆ ಮುರಿಯುವ ಬದಲು ಬಾಗುತ್ತಿತ್ತು. ಆಮೇಲೆ ಕಮಟು ವಾಸನೆ. ಜೂಲಿ ಮೂಸಿ ನೋಡಿ ಬಟ್ಟಲು ಬಿಟ್ಟು ಹೋದಳು. ಚೀಲದ ತಳಕ್ಕೆ ಕೈ ಹಾಕಿದರೆ ಕಾಳುಗಳ ಮೇಲೆ ಬಿಳಿ ಬೂಷ್ಟು. ಕಾಫಿ ಬೆಳೆಯುವ ನಮಗೆ ಇದು ಹೊಸದೇನಲ್ಲ. ಚೆರ್ರಿಯನ್ನು, ಅಂದರೆ ಸಿಪ್ಪೆ ಸಮೇತದ ಕಾಫಿ ಹಣ್ಣನ್ನು, 11-12% ತೇವಕ್ಕೆ ಒಣಗಿಸುತ್ತೇವೆ. ಡಾಗ್ ಫುಡ್ ಪ್ಯಾಕೆಟ್ ಮೇಲೂ ಹೆಚ್ಚುಕಮ್ಮಿ ಅಷ್ಟೇ ತೇವ ಬರೆದಿರುತ್ತದೆ. ಒಣಗಿದ ಚೆರ್ರಿಯ ಮೂಟೆಯನ್ನು ಜುಲೈನಲ್ಲಿ ಬಾಯಿ ಬಿಚ್ಚಿ ಇಟ್ಟರೆ ಏನಾಗುತ್ತದೋ, ಇದಕ್ಕೂ ಅದೇ ಆಗುತ್ತದೆ.

'ಬೂಷ್ಟು ಬಂದದ್ದು ತೆಗೆದು, ಉಳಿದದ್ದನ್ನು ಹುರಿದು ಹಾಕಿ' ಎಂದು ಪಕ್ಕದ ಮನೆಯವರು ಹೇಳಿದರು. ಅದು ಮಾತ್ರ ಬೇಡ. ಡಾಗ್ ಫುಡ್‌ನಲ್ಲಿ ಸಾಮಾನ್ಯವಾಗಿ ಜೋಳವೋ ಅಕ್ಕಿಯೋ ಇರುತ್ತದೆ. ಅಂಥ ಧಾನ್ಯಕ್ಕೆ ಬರುವ ಕೆಲವು ಬೂಷ್ಟು ಅಫ್ಲಾಟಾಕ್ಸಿನ್ ಎಂಬ ವಿಷ ಬಿಡುತ್ತವೆ. ಅದು ನಾಯಿಯ ಲಿವರ್ ಹಾಳು ಮಾಡುತ್ತದೆ, ಹುರಿದರೂ ಬೇಯಿಸಿದರೂ ಪೂರ್ತಿ ಹೋಗುವುದಿಲ್ಲ. ಉಳಿದದ್ದನ್ನೆಲ್ಲ ಗುಂಡಿ ತೋಡಿ ಹೂತು ಹಾಕಿದೆವು. ರಿಯಾಯಿತಿಯ ದುಡ್ಡೂ ಅದರ ಜೊತೆಗೇ ಹೋಯಿತು.

ಅಮ್ಮನದು ಬೇರೆಯೇ ವಾದ. 'ನಾಯಿಗೂ ಪ್ಯಾಕೆಟ್ ಊಟನಾ ಮಾರಾಯ್ತಿ? ನಮ್ಮ ನಾಯಿಗಳೆಲ್ಲ ಅನ್ನ ತಿಂದೇ ಬೆಳೆದದ್ದಲ್ವಾ?' ರುಚಿಯಲ್ಲಿ ಅಮ್ಮನೇ ಗೆದ್ದರು, ಜೂಲಿಯನ್ನು ಕೇಳಿದರೆ ಈಗಲೂ ಅದನ್ನೇ ಹೇಳುತ್ತಾಳೆ. ತೊಂದರೆ ಏನೆಂದರೆ, ಮಾಂಸದಲ್ಲಿ ರಂಜಕ (ಫಾಸ್ಫರಸ್) ಜಾಸ್ತಿ, ಕ್ಯಾಲ್ಸಿಯಂ ತೀರಾ ಕಡಿಮೆ. ಬೆಳೆಯುವ ಮೂಳೆಗೆ ಅದು ಸಾಲದು. ಹಾಗಂತ ಅಳತೆ ಇಲ್ಲದೆ ಕ್ಯಾಲ್ಸಿಯಂ ಸಿರಪ್ ಹಾಕಿದರೆ ಲ್ಯಾಬ್‌ನಂಥ ದೊಡ್ಡ ಜಾತಿಯ ಮರಿಗೆ ಮೂಳೆ, ಕೀಲು ಸರಿಯಾಗಿ ಬೆಳೆಯುವುದಿಲ್ಲ. ಪಪ್ಪಿ ಫುಡ್ ಹಾಕುವಾಗ ಸಿರಪ್ ಬೇಕಾಗುವುದೂ ಇಲ್ಲ. ಇನ್ನು ಪಂದಿ ಕರಿಯ (ಹಂದಿ ಮಾಂಸದ ಸಾರಿನ) ಗಸಿ ಕಲಸಿದ ಅನ್ನ ಖಂಡಿತ ಬೇಡ. ಅದರಲ್ಲಿರುವ ಈರುಳ್ಳಿ, ಬೆಳ್ಳುಳ್ಳಿ ನಾಯಿಯ ರಕ್ತಕ್ಕೆ ಆಗಿಬರುವುದಿಲ್ಲ. ಈಗ ಅಮ್ಮನ ಪಾಲು ಭಾನುವಾರದ ಬೇಯಿಸಿದ ಕೋಳಿ, ಉಪ್ಪು-ಖಾರ-ಮೂಳೆ ಇಲ್ಲದ್ದು.

ಸಂತೆ ಬೀದಿಯ ಅಂಗಡಿಗಳಲ್ಲಿ ತೂಗಿ ಕೊಡುವ ಬಿಡಿ ಕಾಳನ್ನು ನಾನು ಮುಟ್ಟಲೇ ಇಲ್ಲ. ತಯಾರಾದ ದಿನಾಂಕವೇ ಗೊತ್ತಿಲ್ಲದ ಮೇಲೆ ಮಾತೇನು?

ರಾಯಲ್ ಕ್ಯಾನಿನ್‌ನಲ್ಲಿ ಲ್ಯಾಬ್ ಮರಿಗೆಂದೇ ಬೇರೆ ಪ್ಯಾಕೆಟ್ ಇದೆ. ಫ್ರಾನ್ಸಿನ ಪಶುವೈದ್ಯರೊಬ್ಬರು 1968ರಲ್ಲಿ ಶುರು ಮಾಡಿದ ಕಂಪನಿ. ಈಗ ಚಾಕೊಲೇಟ್ ಮಾಡುವ ಮಾರ್ಸ್‌ನ ಕೈಯಲ್ಲಿದೆ. ಆಹಾರ ಚೆನ್ನಾಗಿದೆ, ಸುಳ್ಳು ಹೇಳಬಾರದು. ಜೂಲಿ ನುಂಗದೆ ಅಗಿದು ತಿಂದಳು, ಹೇಲು ಗಟ್ಟಿಯಾಗಿತ್ತು, ಕೂದಲು ಮಿಂಚಿತು. ಆದರೆ ಬೆಲೆ ಕಿಲೋಗೆ ಡ್ರೂಲ್ಸ್‌ನ ಮೂರು ಪಟ್ಟಿಗೂ ಮೇಲೆ. ಕಾಫಿಗೆ ಒಳ್ಳೆ ರೇಟ್ ಬಂದ ವರ್ಷವೂ ನಮಗೆ ಅದು ಭಾರವೇ. ಮನೆಯಲ್ಲಿ ಒಂದೇ ಚಿಕ್ಕ ನಾಯಿ, ತಿಂಗಳ ಸಂಬಳ ಇರುವವರು ಧಾರಾಳವಾಗಿ ತರಬಹುದು.

ಡ್ರೂಲ್ಸ್ ಗೋಣಿಕೊಪ್ಪದಲ್ಲೇ ಸಿಗುತ್ತದೆ. 3 ಕಿಲೋ ಹನ್ನೆರಡು ದಿನಕ್ಕೆ ಮುಗಿಯುತ್ತದೆ, ಬೂಷ್ಟಿಗೆ ಸಮಯವೇ ಸಿಗುವುದಿಲ್ಲ. ಪ್ಯಾಕೆಟ್ ಸಮೇತ ಗಟ್ಟಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿಟ್ಟು, ಒಲೆ ಇರುವ ಕೋಣೆಯಲ್ಲಿ, ಆದರೆ ಬಿಸಿ ತಾಗದಷ್ಟು ದೂರ ಇಡುತ್ತೇನೆ. ಒದ್ದೆ ಕೈ ಹಾಕುವುದಿಲ್ಲ, ಒಣ ಲೋಟದಲ್ಲೇ ತೆಗೆಯುವುದು. ಚಿಕ್ಕ ಮರಿಗೆ ಬೆಚ್ಚಗಿನ ನೀರಲ್ಲಿ ನೆನೆಸಿ ಕೊಡಿ. ನೆನೆದದ್ದು ಬಟ್ಟಲಲ್ಲಿ ಉಳಿದರೆ ಮುಂದಿನ ಹೊತ್ತಿಗೆ ಇಡದೆ ಎಸೆಯಿರಿ. ಹೊಸ ಬ್ರಾಂಡಿಗೆ ಹೋಗುವಾಗ ಹಳೆಯದರ ಜೊತೆ ಸ್ವಲ್ಪ ಸ್ವಲ್ಪ ಬೆರೆಸುತ್ತಾ ಒಂದು ವಾರ, ಹತ್ತು ದಿನ ತಗೊಳ್ಳಿ. ಒಮ್ಮೆಲೇ ಬದಲಿಸಿದರೆ ಭೇದಿ ಆಗಬಹುದು.

ಕೊಯ್ಲಿನ ಕಾಲದಲ್ಲಿ ಕಾಫಿ ಒಣಗಿಸುವ ಕಣದ ಕಡೆ ಮರಿಯನ್ನು ಬಿಡಬೇಡಿ. ಯಾವ ಬ್ರಾಂಡ್ ತಿಂದರೂ ಕಾಫಿ ಹಣ್ಣು ಕಂಡರೆ ಬಾಯಿ ಹಾಕುತ್ತವೆ, ಕೆಫೀನ್ ನಾಯಿಗೆ ವಿಷ.

ಜನವರಿಯಿಂದ ಏಪ್ರಿಲ್‌ವರೆಗೆ ಮಳೆಗಾಲಕ್ಕಿಂತ ಗಾಳಿ ಒಣಗಿರುತ್ತದೆ, ಆಗ ಬೇಕಾದರೆ ದೊಡ್ಡ ಚೀಲ ತಂದು ದುಡ್ಡು ಉಳಿಸಿ. ನಾನೂ ಫೆಬ್ರವರಿಯಲ್ಲಿ ಒಂದು ತರುವವಳಿದ್ದೇನೆ. ಮೇ ಕೊನೆಯಿಂದ ಮತ್ತೆ 3 ಕಿಲೋನೇ.