ಗರ್ಭಿಣಿಯರೇ, ಹುಳಕಡ್ಡಿಗೆ ಅಂಗಡಿ ಟ್ಯೂಬ್ ಹಚ್ಚಬೇಡಿ

ಬಸುರಿ ಇದ್ದಾಗ ಹುಳಕಡ್ಡಿ, ಅಂದರೆ ಚರ್ಮದ ಫಂಗಸ್ ಆದರೆ ಮೆಡಿಕಲ್ ಶಾಪಿನಿಂದ ಟ್ಯೂಬ್ ತರಿಸಿ ಹಚ್ಚಬೇಡಿ. ತಿಂಗಳೆಷ್ಟು ಅಂತ ಕೇಳದೆ ಕೊಟ್ಟ ಫಂಗಸ್ ಮಾತ್ರೆ ನುಂಗಬೇಡಿ. "ಹೆರಿಗೆ ಆಗಲಿ, ಆಮೇಲೆ ನೋಡೋಣ" ಅಂತ ಬಿಡಲೂ ಬೇಡಿ. ಮೂರನ್ನೂ ನಾನು ನೋಡಿದ್ದೇನೆ.

ನಮ್ಮದು ಕರಾವಳಿ. ಮಳೆಗಾಲದಲ್ಲಿ ಬಟ್ಟೆ ಪೂರ್ತಿ ಒಣಗುವುದೇ ಅಪರೂಪ. ಮೂರನೇ ತಿಂಗಳಲ್ಲಿ ನನ್ನ ಸೊಂಟದ ಮೇಲೆ, ಲಂಗದ ಲಾಡಿ ಕಟ್ಟುವ ಜಾಗದಲ್ಲಿ ಉಂಗುರದಂತೆ ಕೆಂಪು ಗುರುತು ಬಂತು. ರಾತ್ರಿಯೆಲ್ಲ ತುರಿಕೆ. ಅತ್ತೆ ಪಾಪ, ನನ್ನ ಕಷ್ಟ ನೋಡಲಾರದೆ ಮೆಡಿಕಲ್ ಶಾಪಿಗೆ ಹೋಗಿ, ಸೊಸೆ ಬಸುರಿ ಅಂತ ಹೇಳಿಯೇ ಔಷಧಿ ಕೇಳಿದರು. "ಮೇಲೆ ಹಚ್ಚುವುದು ತಾನೆ, ಏನೂ ಆಗುವುದಿಲ್ಲ" ಅಂತ ಕೌಂಟರಿನವರು ಟ್ಯೂಬ್ ಕೊಟ್ಟು ಕಳಿಸಿದರು. ಚೀಟಿ ಕೇಳಲಿಲ್ಲ.

ಹಚ್ಚಿದ ಕೂಡಲೇ ತುರಿಕೆ ನಿಂತಿತು. ಅದೇ ಮೋಸ. ಅದರಲ್ಲಿ ಫಂಗಸ್ ಔಷಧಿಯ ಜೊತೆ ಕ್ಲೋಬೆಟಸಾಲ್ ಅನ್ನುವ ಸ್ಟೀರಾಯ್ಡ್ ಮತ್ತು ಒಂದು ಆ್ಯಂಟಿಬಯಾಟಿಕ್ ಇತ್ತು. ಹಚ್ಚುವ ಸ್ಟೀರಾಯ್ಡ್‌ಗಳಲ್ಲಿ ಕ್ಲೋಬೆಟಸಾಲ್ ಅತಿ ಜೋರಿನದು. ಅದು ಚರ್ಮದ ಕೆಂಪು, ತುರಿಕೆಯನ್ನು ಅಡಗಿಸುತ್ತದೆ. ಫಂಗಸ್ ಜೊತೆ ಹೋರಾಡಬೇಕಾದ ಮೈಯ ಶಕ್ತಿಯನ್ನೂ ಆ ಜಾಗದಲ್ಲಿ ಅಡಗಿಸುತ್ತದೆ. ಹಾಗಾಗಿ ಮೇಲೆ ವಾಸಿಯಾದಂತೆ ಕಂಡರೂ ಫಂಗಸ್ ಹರಡುತ್ತಲೇ ಇರುತ್ತದೆ. ಬಿಟ್ಟರೆ ಮತ್ತೆ ಬಂತು, ಹಚ್ಚಿದರೆ ಹೋಯಿತು, ಬಿಟ್ಟರೆ ಇನ್ನೂ ಜಾಸ್ತಿ ಬಂತು. ಹೊಟ್ಟೆ, ತೊಡೆ ಸಂದು, ಎದೆಯ ಕೆಳಗೆ, ಎಲ್ಲ ಕಡೆ. ತೊಡೆಯ ಮೇಲೆ ಅಗಲವಾದ ಕೆಂಪು ಗೆರೆಗಳೂ ಬಿದ್ದವು. ಬಸುರಿಯರಿಗೆ ಗೆರೆ ಬೀಳುವುದು ಸಹಜ ಅಲ್ವಾ ಅಂತ ಎಲ್ಲರೂ ಅಂದರು. ಸ್ಟೀರಾಯ್ಡಿನಿಂದ ಚರ್ಮ ತೆಳುವಾಗಿ ಬಿದ್ದ ಗೆರೆಗಳು ಅವು, ಪೂರ್ತಿ ಹೋಗುವುದಿಲ್ಲ ಅಂತ ಆಮೇಲೆ ತಿಳಿಯಿತು. ಇಂಥ ಜೋರಿನ ಸ್ಟೀರಾಯ್ಡನ್ನು ಬಸುರಿಯರು ತುಂಬ ಹಚ್ಚಿದರೆ ಮಗುವಿನ ತೂಕ ಕಡಿಮೆಯಾಗುವ ಸಾಧ್ಯತೆ ಇದೆ. ಮೇಲೆ ಹಚ್ಚುವುದು ಮೇಲೆಯೇ ಉಳಿಯುತ್ತದೆ ಅನ್ನುವ ಮಾತನ್ನು ನಂಬಬೇಡಿ.

ಹತ್ತಿರದ ಒಂದು ಕ್ಲಿನಿಕ್ಕಿಗೆ ಹೋದೆವು. ತುಂಬ ರಶ್. ಡಾಕ್ಟರ್ ದೂರದಿಂದಲೇ ನೋಡಿ ಕ್ಯಾಪ್ಸೂಲ್ ಬರೆದರು. ನಾಲ್ಕನೇ ತಿಂಗಳು, ಚೂಡಿದಾರದಲ್ಲಿ ಹೊಟ್ಟೆ ಕಾಣುತ್ತಿರಲಿಲ್ಲ. ಅವರು ಕೇಳಲಿಲ್ಲ, ಹೇಳಲು ಬಾಯಿ ತೆರೆಯುವಷ್ಟರಲ್ಲಿ ಮುಂದಿನವರನ್ನು ಕರೆದಾಗಿತ್ತು. ಬರೆದದ್ದು ಇಟ್ರಾಕೊನಜೋಲ್ ಅನ್ನುವ ಫಂಗಸ್ ಔಷಧಿ. ಮುಗಿಸಿದ ಮೇಲೂ ಎರಡು ತಿಂಗಳು ಗರ್ಭ ನಿಲ್ಲದ ಹಾಗೆ ನೋಡಿಕೊಳ್ಳಿ ಅಂತ ಅಮೆರಿಕದಲ್ಲಿ ಲೇಬಲ್ಲಿನಲ್ಲೇ ಬರೆದಿರುವ ಮಾತ್ರೆ ಅದು. ತಿಂಗಳ ಚೆಕಪ್ಪಿನಲ್ಲಿ ನಮ್ಮ ಹೆರಿಗೆ ಡಾಕ್ಟರಮ್ಮ ಸ್ಟ್ರಿಪ್ ನೋಡಿ ಅಲ್ಲೇ ನಿಲ್ಲಿಸಿ, ಚರ್ಮದ ಡಾಕ್ಟರ್ ಹತ್ತಿರ ಕಳಿಸಿದರು.

ಅಲ್ಲಿ ಮೊದಲು ಚರ್ಮವನ್ನು ಸ್ವಲ್ಪ ಕೆರೆದು ಮೈಕ್ರೋಸ್ಕೋಪಿನಲ್ಲಿ ನೋಡಿದರು. ಸ್ಟೀರಾಯ್ಡ್ ಹಚ್ಚಿದ ಹುಳಕಡ್ಡಿ ತನ್ನ ಉಂಗುರದ ಆಕಾರವನ್ನೇ ಕಳೆದುಕೊಂಡು ಬೇರೆ ಕಾಯಿಲೆಯಂತೆ ಕಾಣುತ್ತದಂತೆ. ಆಮೇಲೆ ಕೊಟ್ಟದ್ದು ಸ್ಟೀರಾಯ್ಡ್ ಇಲ್ಲದ, ಬರೀ ಫಂಗಸ್ ಔಷಧಿಯಾದ ಕ್ಲೋಟ್ರಿಮಜೋಲ್ ಕ್ರೀಮ್. ಕಲೆಯ ಅಂಚಿನಿಂದ ಎರಡು ಬೆರಳು ಆಚೆವರೆಗೂ ಹಚ್ಚಬೇಕು, ಮಾಯವಾದ ಮೇಲೂ ಎರಡು ವಾರ ಬಿಡಬಾರದು ಅಂದರು. ಗಂಡನಿಗೂ ತೊಡೆ ಸಂದಿನಲ್ಲಿ ಇತ್ತು, ಅವರಿಗೂ ಔಷಧಿ. ಟವೆಲ್ ಬೇರೆ, ಬಟ್ಟೆಗೆ ಇಸ್ತ್ರಿ. ಸ್ಟೀರಾಯ್ಡ್ ನಿಲ್ಲಿಸಿದಾಗ ಮೊದಮೊದಲು ಉರಿ, ತುರಿಕೆ ಸಿಕ್ಕಾಪಟ್ಟೆ ಏರುತ್ತದೆ. ಆಗ ಹಳೇ ಟ್ಯೂಬಿಗೆ ಕೈ ಹೋಗುತ್ತದೆ, ಮೊದಲೇ ಮನೆಯಿಂದ ಆಚೆ ಹಾಕಿಬಿಡಿ. ಡಾಕ್ಟರಮ್ಮ ಸಕ್ಕರೆ ಪರೀಕ್ಷೆಯನ್ನೂ ಮಾಡಿಸಿದರು. ಫಂಗಸ್ ಮತ್ತೆ ಮತ್ತೆ ಬರುವವರಲ್ಲಿ ಶುಗರ್ ಇರಬಹುದು.

ಬಿಳಿ ಸೆರಗಿನ ವಿಷಯವನ್ನೂ ಹೇಳಿಬಿಡುತ್ತೇನೆ, ಇದನ್ನು ಯಾರೂ ಬಾಯಿಬಿಟ್ಟು ಕೇಳುವುದಿಲ್ಲ. ಮೊಸರಿನಂತೆ ಗಟ್ಟಿ ಬಿಳಿ ಹೋಗಿ ತುರಿಕೆ ಆದರೆ ಅದೂ ಫಂಗಸ್ ಇರಬಹುದು, ಬಸುರಿಯರಲ್ಲಿ ಸಾಮಾನ್ಯ. ಅದಕ್ಕೆ ಅಂಗಡಿಯಲ್ಲಿ ಮಾತ್ರೆಗಳ ಕಿಟ್ ಕೊಡುತ್ತಾರೆ, ಅದರಲ್ಲಿ ಫ್ಲುಕೊನಜೋಲ್ 150 ಮಿ.ಗ್ರಾಂ ಇರುತ್ತದೆ. ಈ ಮಾತ್ರೆ ನುಂಗಿದ ಬಸುರಿಯರಲ್ಲಿ ಗರ್ಭಪಾತ ಹೆಚ್ಚು ಕಂಡಿತು ಅಂತ ಡೆನ್ಮಾರ್ಕಿನ ಅಧ್ಯಯನವೊಂದು 2016ರಲ್ಲಿ ಹೇಳಿತು. ದಿನಕ್ಕೆ 400ರಿಂದ 800 ಮಿ.ಗ್ರಾಂ ಪ್ರಮಾಣದಲ್ಲಿ ಮೊದಲ ಮೂರು ತಿಂಗಳು ತೆಗೆದುಕೊಂಡರೆ ಮಗುವಿಗೆ ಅಂಗದೋಷ ಆಗಬಹುದು ಅಂತ ಅಮೆರಿಕದ ಔಷಧ ಇಲಾಖೆ 2011ರಲ್ಲೇ ಎಚ್ಚರಿಸಿತ್ತು. ಬಸುರಿಯರಿಗೆ ಒಳಗೆ ಇಡುವ ಕ್ಲೋಟ್ರಿಮಜೋಲ್‌ನಂಥ ಔಷಧಿಯನ್ನು 7 ದಿನ ಕೊಡುತ್ತಾರೆ. ಡಾಕ್ಟರ್ ಹತ್ತಿರ ಅದನ್ನೇ ಕೇಳಿ.

ಇಷ್ಟೆಲ್ಲ ಓದಿ ಔಷಧಿಯೇ ಬೇಡ ಅಂತ ಕೂರಬೇಡಿ. ನಮ್ಮ ಹಿರಿಯರು ಹಾಗೇ ಅಂದಿದ್ದರು. ಚರ್ಮದಲ್ಲೇ ನಿಲ್ಲದ ಫಂಗಸ್ ಕೂಡ ಇದೆ. 2021ರಲ್ಲಿ ಕೊರೊನಾ ಎರಡನೇ ಅಲೆಯ ಹೊತ್ತಿಗೆ ಬ್ಲ್ಯಾಕ್ ಫಂಗಸ್ ಏನು ಮಾಡಿತು ಅಂತ ಎಲ್ಲರೂ ನೋಡಿದ್ದೇವೆ. ಶುಗರ್ ಇದ್ದು, ಮುಖದ ಒಂದೇ ಬದಿ ನೋವು, ಕಣ್ಣು ಊತ, ಮೂಗಿನಲ್ಲಿ ಕಪ್ಪು ಕಂಡರೆ ಅದೇ ದಿನ ದೊಡ್ಡ ಆಸ್ಪತ್ರೆಗೆ ಹೋಗಿ. ಇಂಥ ಜೀವಕ್ಕೆ ಬರುವ ಫಂಗಸ್‌ಗೆ ಬಸುರಿಯರಿಗೂ ಆಂಫೊಟೆರಿಸಿನ್ ಬಿ ಇಂಜೆಕ್ಷನ್ ಕೊಡುತ್ತಾರೆ. ಕಿಡ್ನಿ, ಪೊಟ್ಯಾಸಿಯಂ ಪರೀಕ್ಷೆ ಮಾಡುತ್ತಾ ಕೊಡಬೇಕಾದ ಔಷಧಿ ಅದು, ಆದರೆ ಇಂಥ ಹೊತ್ತಿನಲ್ಲಿ ವೈದ್ಯರು ಮೊದಲು ನೆಚ್ಚುವುದು ಅದನ್ನೇ.

ಯಾವ ಡಾಕ್ಟರ್ ಹತ್ತಿರ ಹೋದರೂ, ಹಲ್ಲುನೋವಿಗೇ ಹೋದರೂ, ಕೂರುವ ಮೊದಲು ತಾಯಿ ಕಾರ್ಡನ್ನು ಮೇಜಿನ ಮೇಲಿಡಿ. ಈಗಾಗಲೇ ಇಂಥ ಮಾತ್ರೆ ನುಂಗಿದ್ದೀರಾ? ಗಾಬರಿಯಾಗಬೇಡಿ, ಗರ್ಭ ತೆಗೆಸುವ ಯೋಚನೆಯನ್ನಂತೂ ಸುಮ್ನೆ ಮಾಡಬೇಡಿ. ಸ್ಟ್ರಿಪ್ ಬಿಸಾಡದೆ ಇಟ್ಟುಕೊಳ್ಳಿ. ಯಾವ ತಾರೀಖಿನಿಂದ, ಎಷ್ಟು ಮಾತ್ರೆ ಅಂತ ಬರೆದು ಹೆರಿಗೆ ಡಾಕ್ಟರಿಗೆ ತೋರಿಸಿ. 18ರಿಂದ 20 ವಾರದ ಸ್ಕ್ಯಾನಿನಲ್ಲಿ ಮಗುವಿನ ಅಂಗಾಂಗ ನೋಡುತ್ತಾರೆ, ಅದನ್ನು ತಪ್ಪಿಸಬೇಡಿ. ನನ್ನ ಸ್ಕ್ಯಾನ್ ಸರಿಯಾಗಿಯೇ ಬಂತು.